ದುರಗಮ್ಮ ಆಡಿದ ಮಾತು

ಆಕಿ ಏನು ನನ್ನ ಸೆರಗಿನ ಗಂಟಿನ್ಯಾಗ ಕುಂತಾಳನಬೇ, ಬಿಚ್ಚಿ ಹೊರಗ ತಗಿಯಾಕ? ಸಂಜೀಕ ಸರಕಾರದ ಸಾಹೇಬ್ರು ಬರ್ತಾರಂತ, ಅವರ ಮುಂದ ನಾ ದುರಗಮ್ಮನ್ನ ಮೈಮ್ಯಾಲ ಕರ್ಕೊಂಡು, "ನನ್ನ ಬ್ಯಾರೆ ಕಡೆ ಕೂಡಸ್ರಿ, ಇಲ್ಲಿ ಈ ಮಂದಿಗೆ ಮನಿ ಕಟ್ರಿ" ಅಂತ ಹೇಳಬೇಕಂತ! ಯಾರಿಗೆ ಹೇಳಾಕತ್ತೀ ನೇತ್ರಾ? ಗಂಡನ ಅವ್ವಗ ಹೇಳಾಕತ್ತೀಯೋ, ದೇವರಿಗೆ ಹೇಳಾಕತ್ತೀಯೋ? ...ಎರಡೂ ಒಂದ ಅಂತೀ? ಥೂ! ಮೊದಲ ಬಾಯಿ ತೊಳಕೊ ಹೋಗು.

ಬಸ್ ಇಳದು ಬಂದಾಕಿ, ಕೂಸಿನ್ನ ಕೆಳಗ ಮಲಗಿಸಿಲ್ಲ, ಒಂದ ಗುಟುಕು ನೀರು ಕುಡದಿಲ್ಲ, ಬಾಗಲದಾಗ ನಿಂತು ಜಗಳಾ ತಗದಾಳ. ಕುಷ್ಟಗಿಯೊಳಗ ನಿಮ್ಮವ್ವ ಇದನ್ನ ಕಲಿಸಿ ಕಳಿಸ್ಯಾಳೇನು? ...ಜುಬೇದಾಬೀ ಫೋನ್ ಮಾಡಿದ್ಲಾ? ಗೊತ್ತಿತ್ತು ನನಗ! ಬಾಜೂ ತಗಡಿನ ಶೆಡ್ಡಿನ್ಯಾಗ ಇದ್ದಾಕಿ, ನನ್ನ ಮುಖಾ ನೋಡಿ ಒಂದ ಮಾತು ಕೇಳಲಿಲ್ಲ, ಕುಷ್ಟಗಿಗೆ ಫೋನ್ ಹಚ್ಯಾಳ. ಆಕಿಗೂ ಸರಕಾರದ ಮನಿ ಬರೋದಿತ್ತು, ಹೋತು. ಎಲ್ಲಾರಿಗೂ ಹೋತು. ನಂದೂ ಹೋತಲ್ಲಬೇ! ನಾ ಏನು ಅರಮನಿಯೊಳಗ ಇದ್ದೀನಿ?

ಸಿಟ್ಟು ಬಂದಿದ್ರ ಆ ಬಡಾವಣಿ ಮಂದೀ ಮ್ಯಾಲ ತಗಿ. ಅಲ್ಲಿ ಹೋಗು, ಆ ಅಂದಪ್ಪ ಸಾವ್ಕಾರನ ಗೇಟಿನ ಮುಂದ ನಿಂತು ಒದರು. ಸಂಘದ ಅಧ್ಯಕ್ಷ ಅಂತ ಆಂವ! ಈ ಗಾಯರಾಣ, ದನಾ ಮೇಯೋ ಜಾಗಾ, ಸರಕಾರದ್ದು, ಅವರಪ್ಪಂದಲ್ಲ. ಸರಕಾರದವರು ಇಲ್ಲಿ ತಗಡಿನ ಮಂದಿಗೆ ಮನಿ ಕಟ್ಟಸ್ತೀವಿ ಅಂದಕೂಡ್ಲೆ ಎಲ್ಲಾರೂ ಎದ್ದು ನಿಂತ್ರಲ್ಲ. ಒಬ್ಬ ಅಂತಾನ, ಇವರು ಬಂದ್ರ ನಮ್ಮ ಪ್ಲಾಟಿಗೆ ರೇಟು ಬರಂಗಿಲ್ಲ. ಇನ್ನೊಬ್ಬ ಅಂತಾನ, ಗಟಾರ ತುಂಬ್ತಾವು. ಮತ್ತೊಬ್ಬಾಕಿ, ನಮ್ಮ ಹುಡುಗ್ರು ಬೈಗುಳಾ ಕಲೀತಾವು ಅಂತಾಳ! ಮುಂಜಾನೆದ್ದು ಅವರ ಬಚ್ಚಲಾ ತಿಕ್ಕಾಕ ಈ ಮಂದಿ ಬೇಕು. ಅವರ ಕೂಸಿನ ಕುಂಡಿ ತೊಳ್ಯಾಕ ಈ ಮಂದಿ ಬೇಕು. ರಾತ್ರಿ ಬಾಜೂಕ ಮಲಗಾಕ ಮಾತ್ರ ಬ್ಯಾಡ!

ನಗಬ್ಯಾಡ. ನಗೋ ಮಾತಲ್ಲ ಇದು.

ಸಾಹೇಬ್ರು ಕರದ ಸಭಾದಾಗ ಬಡಾವಣಿ ಕಾಶಿನಾಥ ಮಾಸ್ತರ ಒಬ್ಬನ ಎದ್ದು, "ಅವರೂ ಮನಷ್ಯಾರ ಅಲ್ಲೇನ್ರಿ, ಎಲ್ಲಿಗೆ ಹೋಗಬೇಕ್ರಿ ಅವರು?" ಅಂದ. ಅದಕ್ಕ ಅಂದಪ್ಪ, "ಅಷ್ಟ ಕಾಳಜಿ ಇದ್ರ ನಿಮ್ಮ ಮನಿ ಮ್ಯಾಲ ಒಂದ ಮಾಳಿಗಿ ಏರಿಸಿ ಇಟ್ಕೋರಿ ಮಾಸ್ತರ" ಅಂದ. ಎಲ್ಲಾರೂ ಹೋ ಅಂತ ನಕ್ರು. ಮಾಸ್ತರ ಕುಂತಬಿಟ್ಟ. ಪಾಪ, ಆಂವಂದೂ ಅಲ್ಲೇ ಮನಿ, ಅವರ ಕೂಡ ಬಾಳೇವು ಮಾಡಬೇಕು. ಆದ್ರ ಸಾಹೇಬ್ರು ಮಾತ್ರ ಜಗ್ಗಲಿಲ್ಲ, ಸರಕಾರಿ ಜಾಗಾ, ಮನಿ ಕಟ್ಟೋದ ಅಂದ್ರು. ಆವಾಗ ನೋಡು, ಆವಾಗ ನೆನಪಾದ್ಲು ಅಂದಪ್ಪಗ ದುರಗಮ್ಮ! "ಅಲ್ಲಿ ಬೇವಿನ ಗಿಡದ ಬುಡಕ ತಾಯಿ ಅದಾಳ್ರಿ ಸಾಹೇಬ್ರ, ಆಕೀನ್ನ ಕೇಳದ ಹ್ಯಾಂಗ ಕಟ್ತೀರಿ?" ಎಲ್ಲಿದ್ದಬೇ ಆಂವ ಇಷ್ಟು ವರ್ಷ? ಅವರ ಮನಿ ನಾಯಿ ದಿನಾ ಮುಂಜಾನೆ ಆ ಕಲ್ಲಿಗೇ ಕಾಲೆತ್ತೋದು. ನಾ ಚರಿಗಿ ನೀರು ಹಾಕಿ ತೊಳದು, ಅರಿಷಿಣಾ ಹಚ್ಚಿ, ಒಂದ ಹೂ ಇಡ್ತಿದ್ದೆ. ನಾ ಒಬ್ಬಾಕೀನ!

ಹೌದು, ನಮ್ಮ ಮಂದೀನೂ ಒಪ್ಪಿದ್ರು. ಬರೇ ಒಪ್ಪಲಿಲ್ಲ, ಕುಣದಾಡಿ ಒಪ್ಪಿದ್ರು. "ಕೇಳ್ರಿ, ಕೇಳ್ರಿ, ತಾಯಿ ಬರೋದು ನಮ್ಮ ಹೊಳಿಯಮ್ಮನ ಮೈಮ್ಯಾಲ. ಆಕಿ ಹ್ಞೂಂ ಅಂದ್ರ ಕಟ್ರಿ, ಬ್ಯಾಡ ಅಂದ್ರ ಬಿಡ್ರಿ" ಅಂತ ನನ್ನ ಕಡೆ ಕೈ ಮಾಡಿದ್ರು. ಗೆದ್ದೇ ಬಿಟ್ವಿ ಅಂತ ತಿಳಕೊಂಡ್ರು ಹುಚ್ಚರು. ದೇವಿ ನಮ್ಮಾಕಿ, ಹೊಳಿಯಮ್ಮ ನಮ್ಮಾಕಿ, ಮತ್ತೇನು ಬೇಕು!

ಆದ್ರ ತಾಯಿ ಬ್ಯಾಡ ಅಂದಾಳಂತ. "ಇದು ನನ್ನ ಜಾಗಾ, ಇಲ್ಲಿ ಬುನಾದಿ ತೋಡಬ್ಯಾಡ್ರಿ" ಅಂದಾಳಂತ. ಅಂದಾಳಂತ ನೇತ್ರಾ! ನನಗೇನು ಗೊತ್ತು? ಆಕಿ ಬಂದಾಗ ನಾ ಇರಂಗಿಲ್ಲಬೇ. ನೀ ಈ ಮನಿಗೆ ಸೊಸಿಯಾಗಿ ಬಂದಾಗಿಂದ ನೋಡಾಕತ್ತಿಲ್ಲೇನು? ಆಕಿ ಹೋದಮ್ಯಾಲ ನೀನ ನನ್ನ ಮುಖಕ್ಕ ನೀರು ಹೊಡದು, "ಅತ್ತಿ, ತಾಯಿ ಹಿಂಗಂದ್ಲು, ಹಂಗಂದ್ಲು" ಅಂತ ಹೇಳ್ತಿದ್ದಿ. ಒಂದರೆ ಮಾತು ನನಗ ನೆನಪಿರತಿತ್ತೇನು? ಹಂಗ ಇದೂ. ಆಕಿ ಏನಂದ್ಲೋ ಆಕೀನ್ನ ಕೇಳು. ನನ್ನ ಬಾಯಿ ಆಕಿಗೆ ಹಾದಿ ಅಷ್ಟ. ಹಾದಿಗೆ ಬೈದ್ರ ಏನು ಬಂತು?

ಈಗ ಸರಕಾರದವರು ಬಂಗಾರದ ಮನಿ ಕಟ್ಟಿಕೊಟ್ರೂ ನಮ್ಮವರು ಒಬ್ಬರೂ ಅಲ್ಲಿ ಕಾಲಿಡಂಗಿಲ್ಲ. ತಾಯಿ ಮಾತು ಮೀರಿ ಯಾರು ಹೋಗ್ತಾರ? ನಮ್ಮ ಓಣಿ ಹಾಜಿಸಾಬನೂ ಬರಂಗಿಲ್ಲ ಅಂದಾನ. ಆ ಕಡೆ ತಗಡಿನ ಗ್ಯಾನಪ್ಪ ಕಾಕಾ ಅಂತೂ ಬಂದು ನನಗ ಕೈ ಮುಗದು ಹೋದ. ಕೈ ಮುಗದಬೇ, ಆ ಮುದುಕ!

ನಿನ್ನ ಸಂಕಟಾ ನನಗ ತಿಳೀದಿಲ್ಲಂತ ತಿಳಕೊಂಡಿಯೇನು? ನಸುಕಿನ್ಯಾಗ ಎದ್ದು, ಗಂಡಸೂರು ಏಳೋದ್ರಾಗ ಸೀರಿ ಅಡ್ಡಾ ಕಟ್ಟಿ ಜಳಕಾ ಮಾಡ್ತಿ. ಗಾಳಿ ಬಂದ್ರ ಒಂದ ಕೈಲೆ ಸೀರಿ ಹಿಡಕೋತಿ, ಒಂದ ಕೈಲೆ ನೀರು ಹಾಕ್ಕೋತಿ. ಇಂಜಿನೇರ ಹೊಸಾ ಮನಿ ನಕಾಶಿ ತೋರಿಸಾಕ ಬಂದಾಗ ಎಲ್ಲಾರೂ ಅಡಿಗಿಮನಿ ಎಲ್ಲಿ, ಪಡಸಾಲಿ ಎಲ್ಲಿ ಅಂತ ಕೇಳಿದ್ರು. ನೀ ಒಬ್ಬಾಕಿ, "ಸರ್ರ, ಬಚ್ಚಲಕ್ಕ ಒಳಗಿಂದ ಚಿಲಕಾ ಇರತೈತೇನ್ರಿ?" ಅಂದಿ. ಆಂವ ಇಂಜಿನೇರ ನಕ್ಕ. ನನಗ ಅಳು ಬಂತು ನೇತ್ರಾ, ಖರೇನ ಅಳು ಬಂತು. ನಾ ಆ ಮನಿ ಬ್ಯಾಡ ಅಂತೀನಾ? ನಾನಾ?

...ಏನಂದಿ? ಇನ್ನೊಮ್ಮಿ ಅನ್ನು. ಸೀರಿಗೆ? ಸೀರಿಗೆ ಮಾರಿಕೊಂಡ್ನಿ ಅಂದಿಯಾ ನನ್ನ? ಅಲ್ಲಿ ನೋಡು, ಗೂಟಕ್ಕ ಐತಿ ಅಂದಪ್ಪನ ಮನ್ಯಾವರು ಕೊಟ್ಟ ಸೀರಿ. ಮಡಿಕಿ ಬಿಚ್ಚಿಲ್ಲ. ಒಯ್ದು ಸುಡು ಬೇಕಾದ್ರ! ಸೀರಿಗೆ ಬಾಯಿ ಬಿಡೋ ಹೆಂಗಸಲ್ಲಬೇ ನಾನು. ಸೀರಿ ಅಂತ ಸೀರಿ!

ನೀ ಅಲ್ಲಿರಲಿಲ್ಲ, ಅದಕ್ಕ ಹಿಂಗ ಮಾತಾಡ್ತಿ. ನೀ ಇರಬೇಕಿತ್ತು. ಆ ವಿರೂಪಾಕ್ಷಮ್ಮ, ಅಂದಪ್ಪನ ಹೇಣ್ತಿ... ಆಕೀ ಮನಿಯೊಳಗ ಮುಸರಿ ತಿಕ್ಕಿ ನಾ ಮುದುಕಿ ಆದ್ನಿ, ಒಂದ ದಿನ ಪಡಸಾಲ್ಯಾಗ ಕುಂದರು ಅಂದಿಲ್ಲ. ಹಿತ್ತಲ ಬಾಗಲಾ, ಹಿತ್ತಲ ಕಟ್ಟಿ. ಪಾಗಾರದ ಗ್ವಾಡಿ ಮ್ಯಾಲ ನನ್ನ ಪ್ಲಾಸ್ಟಿಕ್ ಕಪ್ಪು. ಚಾ ಹಾಕೋದಾದ್ರ ಮ್ಯಾಲಿಂದ, ಕಪ್ಪಿಗೆ ತಾಗಬಾರದು ಅಂತ. ಚಾ ಸಿಡದು ಕೈ ಸುಟ್ರೂ ಆಕಿ ಕೈ ಕೆಳಗ ಬರತಿರಲಿಲ್ಲ. ಅಂಥಾಕಿ ಆವತ್ತ, ತಾಯೀನ್ನ ಕೇಳೋ ದಿನ, ತನ್ನ ಪಡಸಾಲಿ ಕುರ್ಚಿ ಹೊರಸ್ಕೊಂಡು ಬಂದ್ಲು! ಬೇವಿನ ಗಿಡದ ಕೆಳಗ ಹಾಕಿಸಿದ್ಲು! "ಕುಂದರ್ರಿ ಹೊಳಿಯಮ್ಮಾರ" ಅಂದ್ಲು. ಬರ್ರಿ, ಕುಂದರ್ರಿ, ರೀ ಹಚ್ಚಿ! ಕೇಳಿದಿಯಾ? ಕುಂಕುಮಾ ಹಚ್ಚಿ ಉಡಿ ತುಂಬಿದ್ಲು. ಅಕ್ಕಿ, ಕೊಬ್ರಿ ಬಟ್ಲ, ಎಲಿ ಅಡಿಕಿ, ಎಲ್ಲಾ.

ಆಮ್ಯಾಲ ಹಲಗಿ ಬಡದ್ರು, ಲೋಬಾನ ಹಾಕಿದ್ರು. ನಾ ತಲಿ ಎತ್ತಿದ್ದ ತಡಾ, "ತಾಯಿ ಬಂದ್ಲು, ತಾಯಿ ಬಂದ್ಲು" ಅಂತ ಮಂದಿ ಚೀರಿದ್ರು. ವಿರೂಪಾಕ್ಷಮ್ಮ ಓಡಿ ಬಂದು ನನ್ನ ಕಾಲಿನ ಮ್ಯಾಲ ಬಿದ್ಲು ನೋಡು! ಮಂದಿ ಎಲ್ಲಾ ನೋಡಾಕತ್ತಿತ್ತು. ನನ್ನ ಹರದ ಹಿಮ್ಮಡ, ಅದರ ಮ್ಯಾಲ ಆಕೀ ಹಣಿ! ತಲಿಗೆ ಬಣ್ಣಾ ಹಚ್ತಾಳಲ್ಲ ಆಕಿ, ಬಗ್ಗಿದಾಗ ನೆತ್ತಿ ಮ್ಯಾಲ ಬುಡದಾಗೆಲ್ಲ ಬೆಳ್ಳಗ ಕಾಣ್ತಿತ್ತು. ಅಂದಪ್ಪ ಆ ಕಡೆ ಮೊಬೈಲ್ ಎತ್ತಿ ವಿಡಿಯೋ ಹಿಡಿಯಾಕತ್ತಿದ್ದ, ಅದರಾಗ ಯಾರದೋ ಫೋನ್ ಬಂತು. ಗಡಿಬಿಡಿಲೆ ಕಿವಿಗೆ ಹಚ್ಚಿ, "ಆಮ್ಯಾಲ ಮಾಡ್ತೀನೋ, ದೇವಿ ಬಂದಾಳ" ಅಂದ! ನನಗ ನಗು ತಡಿಯಾಕ ಆಗವಲ್ದು, ಹಲ್ಲು ಕಚ್ಚಿ ಹಿಡಕೊಂಡು...

...

ಯಾಕ? ಯಾಕ ಸುಮ್ಮನಾದಿ? ಇಷ್ಟೊತ್ತು ಮಾತಿಗೆ ಮಾತು ಕೊಡಾಕತ್ತಿದ್ದಿ.

ಹಂಗ ನೋಡಬ್ಯಾಡ ನೇತ್ರಾ.

ಇದನ್ನೆಲ್ಲಾ ದುರಗೇಶ ಹೇಳ್ದ ನನಗ. ಹ್ಞೂಂ, ನಿನ್ನ ಗಂಡಾನ ಹೇಳಿದ್ದು, ಆಮ್ಯಾಲ, ಮನಿಗೆ ಬಂದು... ಇಲ್ಲ, ಆಂವ ಆವತ್ತ ಗಿಣಿಗೇರಾ ಫ್ಯಾಕ್ಟರಿಗೆ ಪಾಳಿಗೆ ಹೋಗಿದ್ದ. ಜುಬೇದಾಬೀ ಹೇಳಿದ್ಲು. ಆಕಿ... ಆಕಿ ನನ್ನ ಕೂಡ ಮಾತಾಡವಲ್ಲಳು. ಯಾರೋ ಹೇಳಿದ್ರಬೇ! ಅಷ್ಟು ಮಂದಿ ಇದ್ರು, ಯಾರೋ ಒಬ್ಬರು ಹೇಳಿದ್ರು. ನೆತ್ತಿದೂ ಹೇಳಿದ್ರು. ನಗು ಬಂದಿದ್ದು...

ಮಾತಾಡಬೇ. ಏನರೆ ಅನ್ನು. ಬೈ. ಕೂಸಿನ್ನ ಯಾಕ ಎದಿಗೆ ಒತ್ತಿ ಹಿಡದೀ, ನಾ ಏನು ಕಸಗೋತೀನಿ?

ಕರದೆ ನೇತ್ರಾ. ಆ ಕೂಸಿನ ಆಣಿ, ನಾ ತಾಯೀನ್ನ ಕರದೆ. ಕಣ್ಣ ಮುಚ್ಚಿ, ನಮ್ಮವರಿಗೆ ಮನಿ ಕೊಡವ್ವಾ ಅಂತ ಮನಸಿನ್ಯಾಗ ಒದರಿದೆ. ಹಲಗಿ ಬಡದ ಬಡದ್ರು, ಬರಲಿಲ್ಲ. ಮೈ ತಣ್ಣಗ ಕುಂತಿತ್ತು. ಇವತ್ತ ತಾಯಿ ಬರವಲ್ಲಳು ಅಂತ ಹೇಳಿ ಏಳಬೇಕಂತ ಬರೇ ತಲಿ ಎತ್ತೀನಿ. ಅಷ್ಟರಾಗ ವಿರೂಪಾಕ್ಷಮ್ಮ ಬಂದು ಕಾಲಿಗೆ ಬಿದ್ಲು. "ಈ ಜಾಗಾ ನಿಂದ ಅನ್ನವ್ವಾ, ಯಾರಿಗೂ ಬಿಡಬ್ಯಾಡವ್ವಾ" ಅಂದ್ಲು. ನನಗ ಅವ್ವಾ ಅಂದ್ಲು ಆಕಿ.

ಎರಡೂ ಕೈಲೆ ಗಟ್ಟಿ ಹಿಡದಿದ್ಲು ಕಾಲು. ಇಷ್ಟು ವರ್ಷದಾಗ ಆಕೀ ಬೆರಳು ನನಗ ತಾಗಿದ್ದಿಲ್ಲ. ಆಕಿ ಅಂದಂಗ ಅಂದ್ರ ಇನ್ನೊಂದೀಟು ಹೊತ್ತು ಹಿಡಕೊಂಡಿರ್ತಾಳ ಅನ್ನಿಸ್ತು.

ಅಂದಬಿಟ್ನಿ.