ಕಪ್ಪು ಗಟ್ಟಿಯೊಳಗಿನ ದನಿ

ಇನ್ನೊಬ್ಬರ ಮನೆಮಾತನ್ನು ಕೇಳಿಸಿಕೊಂಡು ಬರೆಯುವುದು ತಪ್ಪು, ಓದುವವರು ಕ್ಷಮಿಸಬೇಕು. ರಿಪೇರಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಕ್ಕ, ತಮ್ಮ ಇದ್ದರು. ಅಕ್ಕ ಪಂಪು ಕಾರ್ಖಾನೆಯಲ್ಲಿ ಸರ್ಕಿಟ್‌ಗಳಿಗೆ ನೀರು ತಾಗದಂತೆ ಅಂಟು ಸುರಿಯುವವಳು. ತಮ್ಮ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನ ಸಹಾಯಕ. ಅವಳು ಕೊಟ್ಟ ಸಾಬೂನಿನಷ್ಟು ದೊಡ್ಡ ಕಪ್ಪು ಗಟ್ಟಿಯನ್ನು ಅಂಗಡಿಯವನು ತಿರುಗಿಸಿ ನೋಡಿ, ಆಗುವುದಿಲ್ಲವೆಂದು ಹಿಂದಿರುಗಿಸಿದ.

“ರೆಕಾರ್ಡರಿಗೂ ಅಂಟು ಸುರಿದ್ಯಲ್ಲ ಅಕ್ಕ, ನಿಂಗೇನಾಗಿತ್ತು?”

“ಅಮ್ಮ ಹೋದ್ಮೇಲೆ ಅವಳ ದನಿ ಉಳಿದಿರೋದು ಇದೊಂದರಲ್ಲೇ ಕಣೋ. ನೀರುಗೀರು ಬಿದ್ದು ಹಾಳಾಗಬಾರದು ಅಂತ.”

“ಚಾರ್ಜ್ ಮಾಡೋ ತೂತೂ ಮುಚ್ಚಿಹೋಯ್ತು, ಇನ್ನು ಅದು ಆನ್ ಆಗಲ್ಲ.”

“ಬಿಸಿ ಮಾಡಿದ್ರೆ ಕರಗಲ್ವಾ, ಮೇಣದ ಥರ?”

“ಮೇಣದ ಅಣುಗಳು ಒಂದಕ್ಕೊಂದು ಸುಮ್ನೆ ಒರಗಿಕೊಂಡಿರ್ತವೆ, ಬಿಸಿಗೆ ಜಾರ್ತವೆ. ನೀನು ಎರಡು ಡಬ್ಬೀದು ಬೆರೆಸಿ ಈ ಅಂಟು ಮಾಡಿದ್ಯಲ್ಲ, ಇದರಲ್ಲಿ ಪರಮಾಣುಗಳು ಎಲೆಕ್ಟ್ರಾನನ್ನೇ ಹಂಚ್ಕೊಂಡ್ಬಿಟ್ಟಿವೆ. ಹಂಚ್ಕೊಂಡಿದ್ದು ಎರಡಕ್ಕೂ ಸೇರಿದ್ದು, ಯಾವುದೂ ಬಿಟ್ಕೊಡಲ್ಲ. ಇಡೀ ಗಟ್ಟಿ ಒಂದೇ ಹೆಣಿಗೆ. ಕಾಯಿಸಿದ್ರೆ ಸುಡುತ್ತೆ, ಕರಗಲ್ಲ.”

“ನಿಮ್ಮ ಲ್ಯಾಬಲ್ಲಿ ಆಸಿಡ್ ಇದ್ಯಲ್ಲ?”

“ಇದನ್ನ ತಿನ್ನೋ ಆಸಿಡ್ಡು ಒಳಗಿರೋದನ್ನ ಬಿಡುತ್ತಾ?”

“ಒಂದು ಗುಳ್ಳೆ ಇಲ್ದಂಗೆ ಸುರೀತೀನಿ ಅಂತ ಸೂಪರ್‌ವೈಸರ್ ಹೊಗಳ್ತಾರೆ.”

“ನಿನ್ನ ಕೈಗುಣ. ಇದರಲ್ಲೂ ಒಂದು ಗುಳ್ಳೆ ಇಲ್ಲ.”

“ಒಳಗೆ ಇದ್ದಾಳಾ ಇನ್ನೂ?”

“ಇದ್ದಾಳೆ. ನಮಗೆ ಕೇಳಿಸಲ್ಲ, ಅಷ್ಟೆ.”

ಅವಳು ಗಟ್ಟಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡಳು. ಇಬ್ಬರೂ ಮೆಟ್ಟಿಲಿಳಿದು ಹೋದರು.

ಎಲೆಕ್ಟ್ರಾನ್ ಹಂಚಿಕೆಯ ಈ ಪಾಠವನ್ನು ಸಂಜೆ ತರಗತಿಯಲ್ಲಿ ಓದಿ ನಾನೂ ಪಾಸಾಗಿದ್ದೇನೆ. ಆದರೂ ಆ ದನಿಯನ್ನು ಹೊರತೆಗೆಯಲು ಬೇರೆ ದಾರಿ ಏನಾದರೂ ಇತ್ತೇ ಎಂಬುದು ನನಗೆ ಗೊತ್ತಿಲ್ಲ.