ಎಂಟೇ ಮನೆ ಕೇಳಿ ಊರಿಗೆಲ್ಲ ಹೇಳಿದವರು

ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತು ಆಗಿನಿಂದಲೂ ಗಡಿಯಾರ ನೋಡಿಕೊಳ್ಳುತ್ತಿರುವ ಶ್ರೀ ಮಲ್ಲಪ್ಪನವರೇ, ಇಂದು ಶಾಲು ಹೊದೆಸಿಕೊಳ್ಳಲಿರುವ ಡಾಕ್ಟರ್ ರಶ್ಮಿಯವರೇ, ನಮ್ಮ ‘ಸಂಧ್ಯಾಸಂಗ’ ಹಗಲು ಆರೈಕೆ ಕೇಂದ್ರದ ಸಿಬ್ಬಂದಿಯವರೇ, ಕಮ್ಮನಹಳ್ಳಿಯಿಂದ, ಕೆ.ಆರ್. ಪುರದಿಂದ, ಮಾರತ್ತಹಳ್ಳಿಯ ಆ ಟ್ರಾಫಿಕ್ಕನ್ನು ದಾಟಿಯೂ ನಗುಮುಖದಿಂದ ಬಂದು ಕುಳಿತಿರುವ ಸಭಿಕರೇ,

ಮೊದಲಿಗೆ ಒಂದು ಸಣ್ಣ ತಿದ್ದುಪಡಿ. ಮಲ್ಲಪ್ಪನವರು ತಮ್ಮ ಪ್ರಾಸ್ತಾವಿಕ ನುಡಿಯಲ್ಲಿ ಈ ಕೇಂದ್ರ ೨೦೦೧ರಲ್ಲಿ ಶುರುವಾಯಿತು ಎಂದರು. ಅಲ್ಲ. ೨೦೦೨ರ ಆಗಸ್ಟಿನಲ್ಲಿ. ಉದ್ಘಾಟನೆಯ ಲಾಡು ತಂದವನೇ ನಾನು. ಅಧ್ಯಕ್ಷರು ಬೇಸರ ಮಾಡಿಕೊಳ್ಳಬಾರದು. ತಪ್ಪನ್ನು ಹಾಗೆಯೇ ಬಿಟ್ಟರೆ ಅದು ಸಭೆಯಲ್ಲಿ ಸತ್ಯವಾಗಿ ಕೂತುಬಿಡುತ್ತದೆ. ನನ್ನನ್ನು ‘ರಶ್ಮಿಯವರ ಹಿತೈಷಿ’ ಎಂದೂ ಅವರು ಪರಿಚಯಿಸಿದರು. ಅದನ್ನು ತಿದ್ದಲು ಹೋಗುವುದಿಲ್ಲ, ಸನ್ಮಾನದ ಸಭೆ ಇದು.

ನನ್ನ ಹೆಸರು ಗುರುರಾಜ್. ಇಂದಿರಾನಗರದ ವಿಮಾ ನೌಕರರ ಕಾಲೋನಿಯಲ್ಲಿ ಮನೆ. ವಿಮಾ ಕಚೇರಿಯ ಅಂಕಿಅಂಶ ವಿಭಾಗದಲ್ಲೇ ನನ್ನ ತಲೆಗೂದಲು ಬೆಳ್ಳಗಾಯಿತು. ಯಾವ ವಯಸ್ಸಿನವರು ಇನ್ನೆಷ್ಟು ವರ್ಷ ಬಾಳಬಹುದು ಎಂದು ಲೆಕ್ಕ ಹಾಕುವುದು ನಮ್ಮ ಕೆಲಸ. ಲಕ್ಷ ಜನರ ಬಗ್ಗೆ ಕೇಳಿ, ಹೇಳುತ್ತೇನೆ. ಒಬ್ಬರ ಬಗ್ಗೆ ಕೇಳಬೇಡಿ, ಒಬ್ಬರಿಗೆ ಲೆಕ್ಕ ಇಲ್ಲ. ನಮ್ಮ ಮೇಲಧಿಕಾರಿಗಳು ಕಲಿಸಿದ್ದೇ ಅದು. ನಾಲ್ಕು ಜನರನ್ನು ನೋಡಿ ಊರಿನ ಮಾತಾಡುವವನನ್ನು ನಮ್ಮ ವಿಭಾಗದಲ್ಲಿ ಕಾಫಿಗೂ ಕರೆಯುತ್ತಿರಲಿಲ್ಲ.

ಹೀಗಿರುವಾಗ ಮೂರು ವರ್ಷದ ಹಿಂದೆ ವಿಜಯಪುರದ ಕಡೆಯ ಈ ಹುಡುಗಿ, ಕ್ಷಮಿಸಿ, ಡಾಕ್ಟರು, ನಮ್ಮ ಕೇಂದ್ರಕ್ಕೆ ಬಂದರು. ಮರೆವಿನ ಕಾಯಿಲೆಯವರ ಜೊತೆ ಕೂತು ಮಾತಾಡುತ್ತೇನೆ, ಅದೇ ನನ್ನ ಸಂಶೋಧನೆ ಎಂದರು. ಎಷ್ಟು ಜನರ ಜೊತೆ ಎಂದೆ. ಎಂಟು ಎಂದರು. ಎಂಟು ನೂರೋ ಎಂದೆ. ನಕ್ಕುಬಿಟ್ಟರು. ಸಭಿಕರೇ, ಎಂಟು! ನಮ್ಮ ಬೀದಿಯ ಬೇಕರಿಯ ಮುಂದೆ ಸಂಜೆ ಅದಕ್ಕಿಂತ ಹೆಚ್ಚು ಜನ ನಿಂತಿರುತ್ತಾರೆ.

ಆ ಹೊತ್ತಿಗೆ ನಾನೂ ಸುಮ್ಮನೆ ಕುಳಿತಿರಲಿಲ್ಲ. ಕಾಲೋನಿಯ ಮನೆಮನೆಗೆ ಹೋಗಿ, ಹೌದು ಅಥವಾ ಇಲ್ಲ ಎಂದು ಗುರುತು ಹಾಕುವ ಪ್ರಶ್ನಾವಳಿ ಹಂಚಿ, ಮರೆವಿನ ಬಗ್ಗೆ ದೊಡ್ಡ ಸಮೀಕ್ಷೆ ಮಾಡಿದ್ದೆ. ಕೋಷ್ಟಕ, ಶೇಕಡಾವಾರು, ಎಲ್ಲ ಇತ್ತು. ಕೇಂದ್ರದ ಸಮಿತಿಗೆ ಒಪ್ಪಿಸಿದೆ. ಅದರ ಹಾಳೆಗಳ ಖಾಲಿ ಹಿಂಬದಿಯಲ್ಲಿ ಈ ಕೇಂದ್ರದವರು ಆರು ತಿಂಗಳು ಊಟದ ಟೋಕನ್ ಬರೆದರು. ನಾನೇ ಒಂದು ದಿನ ನನ್ನ ಹದಿನಾಲ್ಕನೆಯ ಕೋಷ್ಟಕವನ್ನು ಕೊಟ್ಟು ಚಿತ್ರಾನ್ನ ತಿಂದೆ. ನಗಿ, ನಗಿ, ನನಗೂ ಈಗ ನಗು ಬರುತ್ತದೆ. ರಶ್ಮಿಯವರ ಎಂಟು ಮನೆಯ ವರದಿ ಮಾತ್ರ ಅಚ್ಚಾಯಿತು, ನಗರದ ಎಷ್ಟೋ ಕೇಂದ್ರಗಳಲ್ಲಿ ಆರೈಕೆಯವರ ತರಬೇತಿಗೆ ಪಾಠವಾಯಿತು. ಹೊಟ್ಟೆಕಿಚ್ಚಾಗಲಿಲ್ಲವೇ ಎಂದು ಕೇಳುತ್ತೀರಾ? ಆಯಿತು ಸ್ವಾಮಿ. ಯಾಕೆ ಆಗಬಾರದು?

ಆದರೆ ಟೋಕನ್ನಿನ ಹೊಟ್ಟೆಕಿಚ್ಚು ಚಿಕ್ಕದು. ದೊಡ್ಡದು ಬೇರೆ ಇದೆ. ಆ ಎಂಟು ಮನೆಗಳಲ್ಲಿ ನಮ್ಮದೂ ಒಂದು. ನನ್ನ ಶ್ರೀಮತಿ ಸೀತಮ್ಮನಿಗೆ ಆ ಕಾಯಿಲೆ ಬಂದು ಐದು ವರ್ಷವಾಯಿತು. ರಶ್ಮಿಯವರು ಬರುವ ಹೊತ್ತಿಗೆ ಆಕೆ ನನ್ನ ಜೊತೆ ಮಾತು ನಿಲ್ಲಿಸಿಯಾಗಿತ್ತು. ಬೇಕು, ಬೇಡ, ಅಷ್ಟೇ. ಮಿದುಳಿನಲ್ಲಿ ಮಾತು ಮುಗಿದಿದೆ ಎಂದು ನಾನು ತಿಳಿದಿದ್ದೆ. ಕಾಯಿಲೆ, ಯಾರೇನು ಮಾಡಲಾಗುತ್ತದೆ?

ರಶ್ಮಿಯವರು ಪ್ರತಿ ಗುರುವಾರ ಬರತೊಡಗಿದರು. ಎರಡನೆಯ ತಿಂಗಳಲ್ಲಿ ಒಂದು ದಿನ ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೇನೆ, ನಡುಮನೆಯಿಂದ ಗಟ್ಟಿಯಾಗಿ ನಗು. ಸೀತಮ್ಮನ ನಗು! ಓಡಿ ಬಂದು ನೋಡುತ್ತೇನೆ, ಆಕೆ ಈ ಡಾಕ್ಟರ ಕೈ ಹಿಡಿದುಕೊಂಡು ದಖನಿ ಉರ್ದುವಿನಲ್ಲಿ ಹರಟುತ್ತಿದ್ದಾಳೆ. ದಖನಿ! ನಮ್ಮ ಮನೆಯಲ್ಲಿ! ನನ್ನ ಹೆಂಡತಿ ಶಿವಾಜಿನಗರದಲ್ಲಿ ಹುಟ್ಟಿ ಬೆಳೆದವಳು ಎಂಬುದು ಗೊತ್ತಿತ್ತು. ಆದರೆ ಮದುವೆಯಾದ ಮೇಲೆ ಆ ಭಾಷೆಯ ಒಂದು ಮಾತನ್ನೂ ನನ್ನೆದುರು ಆಡಿದವಳಲ್ಲ. ನಾನು ತುಮಕೂರಿನ ಕಡೆಯವನು, ಹೌದು ಎನ್ನುವ ‘ಹೌ’, ಬೇಡ ಎನ್ನುವ ‘ನಕ್ಕೋ’ ಬಿಟ್ಟರೆ ನನಗೆ ಆ ಭಾಷೆ ಬಾರದು. ಕಾಫಿ ಲೋಟ ಹಿಡಿದು ನಿಂತೇ ಇದ್ದೆ. ಆಕೆ ನನ್ನನ್ನು ನೋಡಿದ ತಕ್ಷಣ ಮಾತು ನಿಂತಿತು.

“ಏನು ಹೇಳಿದ್ಲು?” ಎಂದು ಆಮೇಲೆ ಗೇಟಿನ ಹತ್ತಿರ ಕೇಳಿದೆ. “ಕಮರುನ್ನೀಸಾ ಅಂತ ಗೆಳತಿ ಇದ್ರಂತ್ರಿ ಸರ. ಪಕ್ಕದ ಮನಿಯವ್ರು. ಇಬ್ಬರೂ ಕೂಡಿ ಸೈಕಲ್ ಕಲತದ್ದು ಹೇಳಿದ್ರು,” ಎಂದರು. ನನ್ನ ಸೀತೆಗೆ ಸೈಕಲ್ ಬರುತ್ತದೆ! ಇದನ್ನು ವಿಜಯಪುರದಿಂದ ಬಂದವರು ನನಗೆ ಹೇಳಬೇಕೇ? ಆಮೇಲಿನ ಗುರುವಾರಗಳಲ್ಲಿ ಆಕೆ ಬೆಳಗಿನಿಂದಲೇ ಒಳ್ಳೆಯ ಸೀರೆ ಉಟ್ಟು ಬಾಗಿಲು ನೋಡುತ್ತಾ ಕೂರುವಳು. ನಾನು ಮಾರ್ಕೆಟ್ಟಿನಿಂದ ತಂದ ಮಲ್ಲಿಗೆ ಮುಡಿದುಕೊಂಡು, ಇನ್ನೊಬ್ಬರಿಗಾಗಿ ಕಾಯುವಳು. ನನಗೆ ಮೈ ಉರಿಯುತ್ತಿತ್ತು ಸಭಿಕರೇ. ಎಪ್ಪತ್ತು ದಾಟಿದ ಗಂಡಸು ಒಬ್ಬ ಹೆಣ್ಣುಮಗಳ ಮೇಲೆ, ತನ್ನ ಹೆಂಡತಿಯ ವಿಷಯದಲ್ಲಿ ಹೊಟ್ಟೆ ಉರಿದುಕೊಳ್ಳುವುದನ್ನು ಯಾವ ಕೋಷ್ಟಕದಲ್ಲಿ ಹಾಕಲಿ?

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. ಅವಳಿಗೆ ಏನು ಮಾಡುತ್ತೀರಿ ನೀವು? “ಏನೂ ಮಾಡಂಗಿಲ್ರಿ. ಆಮೇಲೆ? ಅಂತೀನಿ, ಅಷ್ಟೇ.” ತಪ್ಪು ಹೇಳಿದರೆ? “ಹೇಳ್ಲಿ ಬಿಡ್ರಿ.” ಹೇಳಲಿ ಬಿಡಿ ಅಂತೆ! ಸೀತಮ್ಮ ಸತ್ತುಹೋದ ಅಪ್ಪನನ್ನು ಬದುಕಿದ್ದಾರೆ ಎನ್ನುತ್ತಾಳೆ, ಮಂಗಳವಾರವನ್ನು ಶುಕ್ರವಾರ ಎನ್ನುತ್ತಾಳೆ. ಅವಳ ಒಳ್ಳೆಯದಕ್ಕೇ ಅಲ್ಲವೇ ನಾನು ತಿದ್ದುವುದು? ತಿದ್ದದೆ ಬಿಡುವುದು ಪ್ರೀತಿಯೇ? ನೀವೇ ಹೇಳಿ.

ಇನ್ನು ಆ ವರದಿ ಓದಿದ ದಿನದ ಸಂಗತಿ. ರಶ್ಮಿಯವರಲ್ಲಿ ಒಂದು ಪದ್ಧತಿ ಇದೆ. ಅಚ್ಚಿಗೆ ಕೊಡುವ ಮೊದಲು ಆ ಎಲ್ಲ ಮನೆಯವರನ್ನೂ ಕರೆದು, ಹೆಸರು ಹೇಳದೆ, ಬರೆದದ್ದನ್ನು ಗಟ್ಟಿಯಾಗಿ ಓದಿ, ಇದು ಸರಿಯೇ ಎಂದು ಕೇಳುತ್ತಾರೆ. ಇದೇ ಸಭಾಂಗಣದಲ್ಲಿ ಸೇರಿದ್ದೆವು. ಅದರಲ್ಲಿ ಒಂದು ಮನೆಯ ಮಾತು ಬಂತು. ಕಾಯಿಲೆಯವರು ಬಾಯಿ ತೆರೆದರೆ ಸಾಕು, ಮನೆಯವರು ತಿದ್ದುತ್ತಾರೆ. ತಿದ್ದಿ ತಿದ್ದಿ, ಕೊನೆಗೆ ಕಾಯಿಲೆಯವರು ಆ ಒಬ್ಬರ ಎದುರಿಗೆ ಮಾತ್ರ ಬಾಯಿ ಬಿಡುವುದಿಲ್ಲ. ಮಾತು ಮರೆತದ್ದಲ್ಲ, ಮಾತು ಮುಚ್ಚಿಟ್ಟದ್ದು. ಹೀಗೆ ಓದಿದರು.

ನಾನು ಎದ್ದು ನಿಂತೆ. “ನಮ್ಮನೆ ವಿಷ್ಯ ಯಾಕ್ರೀ ಬರೆದ್ರಿ? ನಾಲ್ಕು ಜನರೆದುರು ಮರ್ಯಾದೆ ತೆಗೀತೀರಾ?” ಎಂದು ಕೂಗಾಡಿದೆ. ನನ್ನ ಮಾತು ಮುಗಿಯುವ ಮೊದಲೇ ಅಲ್ಲಿ ಕುಳಿತಿರುವ ಚಾಂದ್ ಪಾಷಾ ಎದ್ದರು. “ಅರೆ ಸಾರ್, ಇದು ನಿಮ್ದಲ್ಲ, ನಮ್ಮ ಅಬ್ಬಾಂದು. ಮೇಡಂ, ನನ್ನ ಬಗ್ಗೆ ಹಿಂಗಾ ಬರೆಯೋದು?” ಎಂದರು. ಕಮ್ಮನಹಳ್ಳಿಯ ಪ್ರೇಮಕ್ಕ ಅಳುವುದಕ್ಕೇ ಶುರುಮಾಡಿದರು. “ನಮ್ಮತ್ತೆ ವಿಷ್ಯಾನೇ ಇದು. ನಾನೇ ಅವರ ಬಾಯಿ ಮುಚ್ಚಿಸ್ಬಿಟ್ಟೆ,” ಎಂದರು. ನಮ್ಮನೆ, ನಮ್ಮನೆ ಎಂದು ಜಗಳವೇ ಆಯಿತು. ಆಗ ರಶ್ಮಿಯವರು, “ಇದು ನಿಮ್ಮ ಯಾರ ಮನೀದೂ ಅಲ್ರಿ. ಆ ಮನಿಯವ್ರು ಇವತ್ತ ಬಂದಿಲ್ಲ,” ಎಂದರು. ಎದ್ದು ನಿಂತಿದ್ದ ನಾವೆಲ್ಲ ಕುಳಿತುಕೊಂಡೆವು.

ಎಂಟು ಮನೆಯ ಮಾತು ಊರಿಗೆ ಹೇಗೆ ಹೊಂದುತ್ತದೆ ಎಂದು ನಾನು ಮತ್ತೆ ಮತ್ತೆ ಕೇಳಿದ್ದೆ. ಅವರು ಒಂದೇ ಉತ್ತರ ಕೊಡುತ್ತಿದ್ದರು: “ಎಲ್ಲಾರ ಮನಿ ಹಿಂಗ ಅಂತ ನಾ ಹೇಳಂಗಿಲ್ರಿ ಸರ. ಆ ಮನ್ಯಾಗ ಏನಾತು, ಹೆಂಗಾತು, ಎಲ್ಲಾ ಬರದಿಡ್ತೀನಿ. ಓದಿದವ್ರು ತಮ್ಮ ಮನಿಗೆ ಹೊಂದ್ತದೋ ಇಲ್ಲೋ ನೋಡ್ಕೊಬೇಕ್ರಿ.” ಜಾರಿಕೊಳ್ಳುವ ಮಾತು ಎಂದು ನಾನು ಗೇಲಿ ಮಾಡಿದ್ದೆ. ಅಂದು ನೋಡಿದರೆ, ಹೊಂದಿಸಿಕೊಂಡವನು ನಾನೇ. ನನ್ನ ಅಷ್ಟು ದೊಡ್ಡ ಸಮೀಕ್ಷೆ ಓದಿ ಯಾರಾದರೂ ಒಬ್ಬರು ಎದ್ದು, ಇದು ನಮ್ಮನೆ ಎಂದು ಜಗಳವಾಡಿದ್ದರೆ! ಅದೂ ಇಲ್ಲ. ಕಡೆಗೆ ನನ್ನ ಮನೆಯ ದುಃಖ ಕೂಡ ನನ್ನೊಬ್ಬನದಲ್ಲ ಎಂದಾಯಿತು. ಅದಕ್ಕೂ ಸಂಕಟಪಟ್ಟೆ ಎಂದರೆ ನೀವು ನಂಬುತ್ತೀರಾ?

ಮಲ್ಲಪ್ಪನವರು ಚೀಟಿ ಕಳಿಸಿದ್ದಾರೆ, ಬೇಗ ಮುಗಿಸಬೇಕಂತೆ. ಮುಗಿಸುತ್ತೇನೆ. ಇದೊಂದು ಹೇಳದೆ ಇಳಿಯಲಾರೆ.

ಕಳೆದ ಭಾನುವಾರ ಮಧ್ಯಾಹ್ನ ಸೀತಮ್ಮ ಬಾಲ್ಕನಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕುಳಿತಿದ್ದಳು. ನಾನೂ ಒಂದು ಕುರ್ಚಿ ಎಳೆದುಕೊಂಡು ಕೂತೆ. ರಶ್ಮಿಯವರ ಗುರುವಾರಗಳು ಮುಗಿದಿದ್ದವು, ಮನೆಯಲ್ಲಿ ಮತ್ತೆ ಮೌನ. ಸುಮ್ಮನೆ ಕಾಯಿ ಬಿಡಿಸಿದೆ. ಸ್ವಲ್ಪ ಹೊತ್ತಾದ ಮೇಲೆ ಆಕೆ ತಾನಾಗಿಯೇ, “ನಾಳೆ ನಂಗೆ ಮದುವೆ,” ಎಂದಳು. ತಿದ್ದುವ ಮಾತು ನಾಲಿಗೆಯ ತುದಿಯವರೆಗೆ ಬಂತು. ವರ್ಷ, ತಿಂಗಳು, ಛತ್ರದ ಹೆಸರು ಸಮೇತ ಬಂತು. ನುಂಗಿಕೊಂಡೆ. “ಆಮೇಲೆ?” ಎಂದೆ.

ಹೇಳಿದಳು. ಕಾಯಿ ಪೂರ್ತಿ ಬಿಡಿಸಿ ಮುಗಿದರೂ ಹೇಳುತ್ತಲೇ ಇದ್ದಳು. ನಡುವೆ ಒಮ್ಮೆ ನಿಲ್ಲಿಸಿ ನನ್ನ ಮುಖ ನೋಡಿದಳು. ಬಸ್ಸಿನಲ್ಲಿ ಪಕ್ಕದ ಸೀಟಿನವರನ್ನು ನೋಡುವ ಹಾಗೆ, ಮರ್ಯಾದೆಯಿಂದ ನೋಡಿದಳು. “ನೀವ್ಯಾರೋ ಒಳ್ಳೆಯೋರು ಕಣ್ರೀ, ಕೂತು ಕೇಳ್ತೀರಾ. ನಮ್ಮ ಯಜಮಾನ್ರು ಬರೋ ಹೊತ್ತಾಯ್ತು. ಅವರು ಬಂದ್ಮೇಲೆ ಇದೆಲ್ಲ ಆಡೋಕಾಗಲ್ಲ. ಅಷ್ಟರಲ್ಲಿ ಹೇಳ್ಬಿಡ್ತೀನಿ,” ಎಂದಳು.

ನನ್ನ ಜನ್ಮದಲ್ಲಿ ಅದಕ್ಕಿಂತ ದೊಡ್ಡ ತಪ್ಪು ನನ್ನೆದುರಿಗೆ ಬಂದಿರಲಿಲ್ಲ ಸಭಿಕರೇ. ನಾನೇ ಕಣೇ ನಿನ್ನ ಯಜಮಾನ ಎಂದು ಒಂದು ಮಾತು ಹೇಳಿದ್ದರೆ ತಪ್ಪು ಸರಿಯಾಗುತ್ತಿತ್ತು, ಮಾತು ನಿಲ್ಲುತ್ತಿತ್ತು. “ಹೇಳಿ ಅಮ್ಮ,” ಎಂದೆ. ಹೆಂಡತಿಯನ್ನು ಬಹುವಚನದಲ್ಲಿ ಕರೆದೆ.

ಆಕೆ ತನ್ನ ಯಜಮಾನರ ಬಗ್ಗೆ ಏನು ಹೇಳಿದಳು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ರಶ್ಮಿಯವರೇ, ನಿಮಗೂ ಹೇಳುವುದಿಲ್ಲ. ನಿಮ್ಮ ಎಂಟು ಮನೆಯ ಮಾತು ಊರಿಗೆ ಹೊಂದಲಿ, ನಾಡಿಗೆ ಹೊಂದಲಿ, ಈ ಶಾಲು ನಿಮಗೆ ಸಲ್ಲಬೇಕಾದದ್ದೇ. ಇದೊಂದು ಮಾತ್ರ ಯಾರ ಮನೆಗೂ ಹೊಂದುವುದು ಬೇಡ. ನಿಮ್ಮ ಮೇಲಿದ್ದ ಹೊಟ್ಟೆಕಿಚ್ಚು ಅಂದಿಗೆ ಆರಿತು. ಈಗ ಇರುವುದು ಬಾಲ್ಕನಿಯ ಆ ಕುರ್ಚಿಯಲ್ಲಿ ಕುಳಿತಿದ್ದ ಆ ಒಳ್ಳೆಯವನ ಮೇಲೆ. ನನ್ನ ಸೀತೆ ನನಗೆ ಹೇಳದ್ದನ್ನೆಲ್ಲ ಕೇಳಿಸಿಕೊಂಡವನು ಅವನು, ಆ ಪುಣ್ಯಾತ್ಮ.

ಮೈಕಿನ ಸದ್ದು ಆಗದು ಎಂದು ಸೀತಮ್ಮನನ್ನು ಹಿಂದಿನ ಕೋಣೆಯಲ್ಲಿ ಕೂರಿಸಿದ್ದಾರೆ. ನಾನೀಗ ಇಳಿದು ಅಲ್ಲಿಗೆ ಹೋಗುತ್ತೇನೆ. ಇಷ್ಟು ಹೊತ್ತು ಸಹಿಸಿಕೊಂಡ ಅಧ್ಯಕ್ಷರಿಗೂ ನಿಮಗೆಲ್ಲರಿಗೂ ಧನ್ಯವಾದಗಳು. ಒಂದೇ ಒಂದು ಕೋರಿಕೆ. ನಾನು ಒಳಗೆ ಕಾಲಿಟ್ಟಾಗ, ದಯವಿಟ್ಟು ಯಾರೂ, “ಅಮ್ಮಾ, ನಿಮ್ಮ ಯಜಮಾನ್ರು ಬಂದ್ರು,” ಎಂದು ಕೂಗಬೇಡಿ. ನಮಸ್ಕಾರ.