ಫಲಿತಾಂಶದ ಮೇಲೆ ನೇರಳೆ ಮುದ್ರೆ

ಹಿಂದಿನ ಸಾಲಿನಲ್ಲಿ ಆಕಳಿಸುತ್ತಿರುವ ಮಹನೀಯರಿಂದ ಹಿಡಿದು ವೇದಿಕೆಯ ಮೇಲೆ ಗಡಿಯಾರ ನೋಡುತ್ತಿರುವ ನಗರಸಭೆಯ ಅಧ್ಯಕ್ಷರವರೆಗೆ, ಇಲ್ಲಿ ನೆರೆದಿರುವ ಸಮಸ್ತ ಸಭಿಕರೇ! ಮೈಕು ಅತ್ತ ಸರಿಸಿ. ನಾಟಕದಲ್ಲಿ ರಾಜನಾಗಿ ಗರ್ಜಿಸಿದ ಗಂಟಲಿದು.

“ನಿಮ್ಮ ಊರಿನ ಮಾಹಿತಿ, ನಿಮ್ಮದೇ ಸೊತ್ತು!” ಜಾಹೀರಾತಿನಲ್ಲಿ ಮೊಳಗಿದ್ದು ಇದೇ ಗಂಟಲು. ಮುಕ್ತ ದತ್ತಾಂಶ ಯೋಜನೆಗೆ ವರ್ಷ ತುಂಬಿತಂತೆ. ಅದಕ್ಕೇ ನನಗೀ ಬೆಳ್ಳಿ ಬಣ್ಣದ ಬಟ್ಟಲು. ಬೆಳ್ಳಿಯಲ್ಲ, ಬಣ್ಣ ಮಾತ್ರ. ಯೋಜನೆಗೆ ತಕ್ಕ ಬಹುಮಾನ!

ಮುಕ್ತ ದತ್ತಾಂಶವೆಂದರೇನು? ನೀವೇ ಬರೆದುಕೊಟ್ಟ ಮಾತು ನನಗಿನ್ನೂ ಬಾಯಿಪಾಠ: ಪೂರ್ತಿ ಇರಬೇಕು, ಹೊತ್ತಿಗೆ ಸಿಗಬೇಕು, ಯಂತ್ರವೂ ಓದುವಂತಿರಬೇಕು, ಅಪ್ಪಣೆ ಕೇಳದೆ ಯಾರೂ ಬಳಸುವಂತಿರಬೇಕು. ಆಹಾ! ಎಂಥ ಸಂಭಾಷಣೆ!

ಕಳೆದ ತಿಂಗಳು ನನ್ನ ತಂಗಿಯ ಮೊಮ್ಮಗಳು ವಾಂತಿಭೇದಿಯಿಂದ ಹಾಸಿಗೆ ಹಿಡಿದಳು. ಆ ಬೀದಿಯಲ್ಲಿ ಮನೆಗೊಬ್ಬರು ಹಾಗೆ. ತಂಗಿ ಫೋನ್ ಮಾಡಿದಳು: “ಅಣ್ಣಾ, ಎಲ್ಲಾ ತೆರೆದಿಟ್ಟಿದಾರೆ ಅಂತ ದಿನಾ ಕೂಗ್ತೀಯಲ್ಲ, ನಮ್ಮ ನಲ್ಲಿ ನೀರು ಕುಡೀಬಹುದಾ? ನೋಡಿ ಹೇಳೋ.”

ನಿಮ್ಮ ಜಾಲತಾಣ ತೆರೆದು ನೋಡಿದೆ. ನೀರು ಪರೀಕ್ಷಿಸುವ ಪ್ರಯೋಗಾಲಯ ಅಚ್ಚುಕಟ್ಟಾದ ಕೋಷ್ಟಕವನ್ನು ಕಂಪ್ಯೂಟರಿನಲ್ಲೇ ಕಳಿಸುತ್ತದೆ. ನಿಮ್ಮ ಕಚೇರಿ ಮಾಡುವುದೇನು? ಅದನ್ನು ಕಾಗದಕ್ಕಿಳಿಸಿ, ಮುದ್ರೆ ಒತ್ತಿ, ಫೋಟೋ ಹಿಡಿದು, ಮತ್ತೆ ಕಂಪ್ಯೂಟರಿಗೇ ಏರಿಸುತ್ತದೆ! ತಂಗಿಯ ಬೀದಿಯ ಹೆಸರಿದೆ, ದಿನಾಂಕವಿದೆ. ಫಲಿತಾಂಶದ ಜಾಗದಲ್ಲಿ? ನೇರಳೆ ಬಣ್ಣದ ಸೂರ್ಯ ಹುಟ್ಟಿದ್ದಾನೆ!

ಕಚೇರಿಗೇ ಹೋದೆ. “ಮುದ್ರೆ ಸ್ವಲ್ಪ ಪಕ್ಕಕ್ಕೆ ಒತ್ತಬಾರ್ದೇನ್ರೀ?”

“ಅಂಕಿ ಯಾರೂ ತಿದ್ದಬಾರ್ದು ಅಂತ ಅಂಕಿ ಮೇಲೇ ಒತ್ತೋದು ಸಾರ್,” ಎಂದರು ಗುಮಾಸ್ತರು.

“ಓದೋಕೇ ಆಗಲ್ವಲ್ಲ ಮಾರಾಯ್ರೇ!”

“ಓದೋಕೇ ಆಗ್ದಿದ್ರೆ ತಿದ್ದೋದು ಹೇಗೆ ಸಾರ್?”

ಭೇಷ್! ಮೂಲ ಕೋಷ್ಟಕ ಕೇಳಿದೆ. ಅದಕ್ಕೆ ಅಧ್ಯಕ್ಷರ ಅಪ್ಪಣೆ ಬೇಕಂತೆ. ಅಧ್ಯಕ್ಷರು ಈ ಸಮಾರಂಭದ ತಯಾರಿಯಲ್ಲಿದ್ದರಂತೆ! ಆ ಅಂಕಿಗಳು ಬಯಲಿಗೆ ಬಂದಿದ್ದರೆ ಕಾಲೇಜಿನ ಹುಡುಗಿಯೊಬ್ಬಳು ಅವನ್ನು ನಕ್ಷೆಗೇರಿಸಿ, ಕೊಳವೆ ಎಲ್ಲಿ ಒಡೆದಿದೆಯೆಂದು ಊರಿಗೇ ತೋರಿಸುತ್ತಿರಲಿಲ್ಲವೇ? ನಿಮಗೆ ಬೇಡವಾದದ್ದು ಅದೇ ತಾನೇ?

ಮಗು ಚೇತರಿಸಿಕೊಂಡಿದೆ. ತಂಗಿ ಈಗಲೂ ಸೌದೆಯಂತೆ ಗ್ಯಾಸು ಉರಿಸಿ ನೀರು ಕುದಿಸುತ್ತಾಳೆ. ಮೊನ್ನೆ ಹೇಳಿದಳು: “ನಿನ್ನ ದನಿ ಬಂದ್ರೆ ಟಿವಿ ಆರಿಸ್ತೀನಿ ಅಣ್ಣಾ.” ಚಿಕ್ಕಂದಿನಲ್ಲಿ ನನ್ನ ನಾಟಕಕ್ಕೆ ಮುಂದಿನ ಸಾಲಿನಲ್ಲಿ ಕೂತು, ಬೇರೆಯವರ ಪಾತ್ರ ಬಂದರೆ ನಿದ್ದೆ ಮಾಡುತ್ತಿದ್ದವಳು... ಹೋಗಲಿ. ಅದು ನಮ್ಮ ಮನೆಯ ಮಾತು. ನಗಬೇಡಿ.

ಗಣ್ಯರೇ, ನಿಮ್ಮ ಮುಂದೆ ಮುಚ್ಚಳ ಬಿಗಿದ ಬಾಟಲಿ ನೀರಿದೆ. ಊರ ನಲ್ಲಿಯ ನೀರನ್ನು ಈ ವೇದಿಕೆಗೆ ಯಾಕೆ ತರಲಿಲ್ಲ? ನಿಮಗೆ ಮಾತ್ರ ಆ ಅಂಕಿ ಕಾಣಿಸಿತೇ?

ಬಟ್ಟಲಿಗೆ ಧನ್ಯವಾದ, ಸಹಿಸಿಕೊಂಡ ಕಿವಿಗಳಿಗೆಲ್ಲ ನಮಸ್ಕಾರ. ನಾಳೆ ಬೆಳಿಗ್ಗೆ ನಿಮ್ಮ ಕಚೇರಿ ಬಾಗಿಲು ತೆರೆಯುವ ಹೊತ್ತಿಗೆ, ಇದೇ ಬಟ್ಟಲಲ್ಲಿ ತಂಗಿಯ ಮನೆಯ ನಲ್ಲಿ ನೀರು ಹಿಡಿದು ನಿಮ್ಮ ಮೇಜಿನ ಮುಂದೆ ನಿಲ್ಲುತ್ತೇನೆ, ಅಧ್ಯಕ್ಷರೇ. ಮುದ್ರೆಯಿಲ್ಲದ ಕೋಷ್ಟಕವನ್ನು ಊರಿಗೆ ತೆರೆದಿಟ್ಟರೆ ಸರಿ. ಇಲ್ಲವಾದರೆ ನೀವು ಗುಟುಕು ಗುಟುಕಾಗಿ ಬಟ್ಟಲು ಬರಿದು ಮಾಡುವವರೆಗೆ ಅಲ್ಲಿಂದ ಕದಲುವುದಿಲ್ಲ.